ಬಟ್ಟೆಗೆ ಬೇಗಡೆಯ ಹೊಳಪು

ಬಟ್ಟೆಯ ಮೇಲೆ ಅಂಟಿನಿಂದ ವಿನ್ಯಾಸ ಮೂಡಿಸಿ, ಆ ಅಂಟಿಗೆ ಲೋಹದ ತೆಳು ಪದರವನ್ನು ಬಿಸಿ ಮತ್ತು ಒತ್ತಡದಿಂದ ಕೂರಿಸುವುದೇ ಫಾಯಿಲ್ ಮುದ್ರಣ. ಸೀರೆಯ ಅಂಚು, ಮಕ್ಕಳ ಲಂಗ, ನೃತ್ಯದ ಉಡುಪುಗಳಲ್ಲಿ ಕಾಣುವ ಚಿನ್ನ ಬೆಳ್ಳಿಯ ಮಿನುಗು ಎಷ್ಟೋ ಸಲ ಇದರದ್ದೇ.

ಸುಳ್ಯ ಸೀಮೆಗೆ ಅಂಟಿಸಿದ ಲೋಹದ ಹೊಳಪು ಹೊಸದಲ್ಲ. ತೆಂಕುತಿಟ್ಟಿನ ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಕೆತ್ತಿ, ಬೇಗಡೆ ಎಂಬ ಹೊಳೆಯುವ ತೆಳು ಲೋಹದ ಹಾಳೆ ಅಂಟಿಸಿ, ಕನ್ನಡಿ ಚೂರು ಕೂರಿಸುವ ಪದ್ಧತಿ ಬಹಳ ಹಿಂದಿನದು. ಲೋಹದ ಒಡವೆಗಳ ಭಾರ ಹೊತ್ತು ಇರುಳಿಡೀ ಕುಣಿಯಲು, ಧೀಂಗಿಣ ಹಾಕಲು ಆಗುವುದಿಲ್ಲ. ದೊಂದಿಯ ಮಂದ ಬೆಳಕಿನಲ್ಲಿ ಬಯಲಾಟದ ಕೊನೆಯಲ್ಲಿ ಕೂತವರಿಗೂ ವೇಷ ಎದ್ದು ಕಾಣಲು ಬೇಗಡೆ ನೆರವಾಗುತ್ತಿತ್ತು. ಮೈಸೂರು ಶೈಲಿಯ ಚಿತ್ರಗಳಲ್ಲಿ ಚಿನ್ನದ ರೇಕು ಕೂರುವುದೂ ಮಕ್ಕಿ ಸಫೇದದ ಉಬ್ಬು ಲೇಪದ ಮೇಲೆ. ಬಟ್ಟೆಯ ಮೇಲೆ ಅಚ್ಚಿನಿಂದ ಅಂಟು ಒತ್ತಿ ರೇಕನ್ನೋ ಲೋಹದ ಪುಡಿಯನ್ನೋ ಹಿಡಿಸುವ ಕೆಲಸ ರಾಜಸ್ಥಾನ, ಗುಜರಾತುಗಳಲ್ಲಿ ಹಳೆಯ ಕಸುಬು.

ಈಗಿನ ಫಾಯಿಲ್‌ನಲ್ಲಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ತೆಳುವಾದ ಪಾಲಿಯೆಸ್ಟರ್ ಹಾಳೆಗೆ ಮೊದಲು ಸುಲಭವಾಗಿ ಕಳಚಿಕೊಳ್ಳುವ ಲೇಪ, ಅದರ ಮೇಲೆ ಬಣ್ಣದ ಅರಗು, ಕೊನೆಗೆ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ಅಲ್ಯೂಮಿನಿಯಂ. ಅರಗು ಹಳದಿಯಾದರೆ ಫಾಯಿಲ್ ಚಿನ್ನದಂತೆ, ಬಣ್ಣವಿಲ್ಲದಿದ್ದರೆ ಬೆಳ್ಳಿಯಂತೆ ಕಾಣುತ್ತದೆ. ಅಲ್ಯೂಮಿನಿಯಂ ಪದರದ ದಪ್ಪ ಒಂದು ಮೈಕ್ರಾನಿನ ಸಣ್ಣ ಭಾಗವಷ್ಟೇ.

ಮುದ್ರಣದ ಮೇಜಿನಲ್ಲಿ ಬಟ್ಟೆಯನ್ನು ಸುಕ್ಕಿಲ್ಲದೆ ಹಾಸಿ, ಸ್ಕ್ರೀನಿನ ಮೂಲಕ ಅಂಟನ್ನು ಎಳೆಯುತ್ತಾರೆ. ಅಂಟು ತಕ್ಕಷ್ಟು ಒಣಗಿದ ಮೇಲೆ ಫಾಯಿಲ್‌ನ ಬಣ್ಣದ ಮುಖ ಮೇಲಿರುವಂತೆ ಹಾಸಿ, ಹೀಟ್ ಪ್ರೆಸ್ಸಿನಲ್ಲಿ ಸಾಮಾನ್ಯವಾಗಿ 160ರಿಂದ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 10-15 ಸೆಕೆಂಡು ಒತ್ತುತ್ತಾರೆ. ಆರಿದ ಮೇಲೆ ಹಾಳೆಯ ಒಂದು ಮೂಲೆ ಹಿಡಿದು ನಿಧಾನವಾಗಿ ಸುಲಿದರೆ ಅಂಟು ಇದ್ದಲ್ಲಿ ಲೋಹ ಬಟ್ಟೆಗೆ ಉಳಿಯುತ್ತದೆ, ಮಿಕ್ಕಿದ್ದು ಹಾಳೆಯೊಂದಿಗೇ ಎದ್ದು ಬರುತ್ತದೆ. ಕೈಚಳಕ ಬೇಕಾಗುವುದು ಅಂಟಿನಲ್ಲಿ. ತೆಳುವಾದರೆ ಹೊಳಪು ತೇಪೆ ತೇಪೆಯಾಗುತ್ತದೆ. ದಪ್ಪವಾದರೆ ಬಟ್ಟೆ ರಟ್ಟಿನಂತೆ ಬಿರುಸಾಗಿ, ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಒರಟು ನೇಯ್ಗೆಗಿಂತ ನಯವಾದ, ಒತ್ತಾದ ನೇಯ್ಗೆಯೇ ಇದಕ್ಕೆ ಒಗ್ಗುತ್ತದೆ.

ಜರಿಯೊಂದಿಗೆ ಫಾಯಿಲ್ ಅನ್ನು ಹೋಲಿಸುವುದು ಸರಿಯಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳಲ್ಲಿ ಬೆಳ್ಳಿ ಚಿನ್ನದ ಜರಿ ನೂಲಾಗಿ ಬಟ್ಟೆಯೊಳಗೇ ಸೇರಿರುತ್ತದೆ. ತಲೆಮಾರು ಉಳಿಯುವುದು ಆ ಕಾರಣಕ್ಕೆ. ಫಾಯಿಲ್ ಮೇಲ್ಮೈಗಷ್ಟೇ ಅಂಟಿಕೊಂಡದ್ದು. ವೇದಿಕೆಯ ಉಡುಪಿಗೆ, ಹಬ್ಬದ ಒಂದೆರಡು ಬಳಕೆಗೆ ಕಡಿಮೆ ಖರ್ಚಿನಲ್ಲಿ ಇಷ್ಟು ಹೊಳಪು ಕೊಡುವ ಮುದ್ರಣ ಬೇರೆ ಸಿಗುವುದು ಕಷ್ಟ. ಆದರೆ ಅದನ್ನು ಜರಿಯೆಂದು ಮಾರುವುದು ಮಾತ್ರ ಮೋಸವೇ.

ಕೊಳ್ಳುವವರು ಬಟ್ಟೆಯ ಹಿಂಬದಿ ತಿರುಗಿಸಿ ನೋಡಬೇಕು: ನೇಯ್ದ ಜರಿಯ ಎಳೆ ಅಲ್ಲಿಯೂ ಕಾಣಸಿಗುತ್ತದೆ, ಫಾಯಿಲ್ ಕಾಣುವುದಿಲ್ಲ. ಫಾಯಿಲ್ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಕೈಯಿಂದ ಒಗೆಯಬೇಕು, ಹಿಂಡಬಾರದು, ಮುದ್ರಣದ ಮೇಲೆ ನೇರವಾಗಿ ಇಸ್ತ್ರಿ ಇಡಲೇಬಾರದು.