ಶಿಬಿರಕ್ಕೆ ಎಷ್ಟು ಜನ ಬಂದ್ರು ಅನ್ನೋದು ಪ್ರಶ್ನೆಯೇ ಅಲ್ಲ

‘ಉಚಿತ ಆರೋಗ್ಯ ತಪಾಸಣಾ ಶಿಬಿರ, 500ಕ್ಕೂ ಹೆಚ್ಚು ಕಾರ್ಮಿಕರಿಗೆ ಅನುಕೂಲ.’ ಈ ಸಾಲನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಗಣ್ಯರು ದೀಪ ಹಚ್ಚುತ್ತಾರೆ, ಒಬ್ಬ ಕಾರ್ಮಿಕನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾರೆ, ಇಪ್ಪತ್ತು ಸೆಕೆಂಡಿನ ಸುದ್ದಿ ಮುಗೀತು. ಆ 500 ಜನರಿಗೆ ಆಮೇಲೆ ಏನಾಯ್ತು ಅಂತ ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಈ ಪ್ರಶ್ನೆ ಕಲಿಸಿದ್ದು ಬೆಂಗಳೂರಿನ ಹೊರವಲಯದ ಒಂದು ತಗಡಿನ ಶೆಡ್. ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದ ಜಾಗ. ನೀರಿನ ಸಮಸ್ಯೆ ಬಗ್ಗೆ ವರದಿ ಮಾಡೋಕೆ ಹೋಗಿದ್ದೆ. ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬರು, ವಯಸ್ಸು ನಲವತ್ತರ ಆಸುಪಾಸು, ನಮ್ಮನ್ನ ಡಾಕ್ಟರ ಕಡೆಯವರು ಅಂತ ತಿಳಿದು ಒಂದು ಪ್ಲಾಸ್ಟಿಕ್ ಚೀಲ ತಂದು ಕೈಗಿಟ್ಟರು. ಒಳಗೆ ಮೂರು ಚೀಟಿ. ಒಂದೇ ವರ್ಷದಲ್ಲಿ ಮೂರು ಶಿಬಿರ, ಮೂರು ಬೇರೆ ಬೇರೆ ಸಂಸ್ಥೆ. ಮೂರರಲ್ಲೂ ಬಿಪಿ ಜಾಸ್ತಿ.

“ಮಾತ್ರೆ ಕೊಟ್ರಾ ಅಕ್ಕಾ?” ಅಂದೆ.

“ಕೊಟ್ಟಾರ್ರೀ ಸರ. ಐದು ದಿನಕ್ಕ ಮುಗದ್ವು. ದವಾಖಾನಿಗಿ ಹೋಗು ಅಂದ್ರು. ಯಾವ ದವಾಖಾನಿ, ಎಲ್ಲದ, ಯಾರೂ ಹೇಳಲಿಲ್ಲ.”

ಈಗ ಲೆಕ್ಕ ನೋಡಿ. ಸಂಸ್ಥೆಗಳ ವರದಿಯಲ್ಲಿ ಆಕೆ ಮೂವರು ಫಲಾನುಭವಿಗಳು. ಶೆಡ್ಡಿನಲ್ಲಿ ಇರೋದು ಒಬ್ಬರೇ. ಬಿಪಿ ಹತೋಟಿಗೆ ಬಂದದ್ದು ಒಂದು ಸಲವೂ ಇಲ್ಲ.

ಡಾಕ್ಟರುಗಳು, ಸ್ವಯಂಸೇವಕರು ಬಿಸಿಲಲ್ಲಿ ನಿಂತು ದುಡಿದಿದ್ದಾರೆ, ಅದನ್ನ ಅಲ್ಲಗಳೆಯೋದಿಲ್ಲ. ಆದರೆ ಮಾಡಿದ ಕೆಲಸ ಬೇರೆ, ಆದ ಪ್ರಯೋಜನ ಬೇರೆ. ಪ್ರಯೋಜನ ಅಳೆಯೋಕೆ ಮೂರು ಪ್ರಶ್ನೆ ಕೇಳಬೇಕು.

ಒಂದು, ಒಟ್ಟು ಎಷ್ಟು ಜನ ಇದ್ದರು, ಯಾರು ಬರಲಿಲ್ಲ? 500 ಜನ ಬಂದ್ರು ಅನ್ನಿ. ಅಲ್ಲಿದ್ದವರು 600 ಆದ್ರೆ ಅದು ದೊಡ್ಡ ಸಾಧನೆ, 5,000 ಆದ್ರೆ ಹತ್ತರಲ್ಲಿ ಒಂದು ಪಾಲು. ಈ ಒಟ್ಟು ಸಂಖ್ಯೆಯೇ ನಮ್ಮ ಬಳಿ ಇರೋದಿಲ್ಲ. 2011ರ ಜನಗಣತಿ ಪ್ರಕಾರ ದೇಶದೊಳಗೆ ವಲಸೆ ಹೋದವರು ಸುಮಾರು 45 ಕೋಟಿ. 2021ರಲ್ಲಿ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ. ಹಳ್ಳಿಯಲ್ಲಿ ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಅನ್ನೋ ಲೆಕ್ಕ ಇದೆ, ಮನೆಮನೆ ಪಟ್ಟಿ ಇದೆ. ಇವತ್ತು ಎದ್ದು ನಾಳೆ ಮಾಯವಾಗೋ ಶೆಡ್ ಯಾರ ಪಟ್ಟಿಯಲ್ಲಿರುತ್ತೆ? ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿಬಿರ ಇಟ್ಟರೆ ದಿನಗೂಲಿಯವರು ಬರೋಕಾಗಲ್ಲ, ಬಂದರೆ ಕೂಲಿ ಹೋಗುತ್ತೆ. ಹಾಗಾಗಿ ಮೊದಲು ಶೆಡ್‌ಗಳನ್ನ ಎಣಿಸಬೇಕು, ಶಿಬಿರ ಆಮೇಲೆ.

ಎರಡು, ಶುರು ಮಾಡಿದವರಲ್ಲಿ ಮುಗಿಸಿದವರೆಷ್ಟು? ಕಾಯಿಲೆಗಳು ಒಂದು ದಿನಕ್ಕೆ ಮುಗಿಯಲ್ಲ. ಮಗುವಿಗೆ ಪೆಂಟಾ ಲಸಿಕೆ 6, 10 ಮತ್ತು 14ನೇ ವಾರಕ್ಕೆ ಹಾಕಿಸಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ. ಬಿಪಿಗೆ ವರ್ಷಗಟ್ಟಲೆ. ಅಷ್ಟರಲ್ಲಿ ಮಳೆ ಬೀಳುತ್ತೆ, ಬಿತ್ತನೆಗೆ ಊರಿಗೆ ಹೋಗ್ತಾರೆ. ಇಲ್ಲಾ ಮೇಸ್ತ್ರಿ ಬೇರೆ ಸೈಟಿಗೆ ಕಳಿಸ್ತಾನೆ.

ಇಲ್ಲೇ ಲೆಕ್ಕ ದಾರಿ ತಪ್ಪೋದು. ಉದಾಹರಣೆಗೆ 100 ಜನ ಚಿಕಿತ್ಸೆ ಶುರು ಮಾಡಿದ್ರು ಅಂದ್ಕೊಳ್ಳಿ. 40 ಜನ ಬೇರೆ ಕಡೆ ಹೋದ್ರು. ಉಳಿದ 60ರಲ್ಲಿ 54 ಜನ ಮುಗಿಸಿದ್ರು. ‘ಶೇ 90ರಷ್ಟು ಯಶಸ್ಸು’ ಅಂತ ವರದಿ ಬರುತ್ತೆ. ಆದರೆ ಮುಗಿಸಿದ್ದು ನಮಗೆ ಖಚಿತವಾಗಿ ಗೊತ್ತಿರೋದು ನೂರಕ್ಕೆ 54 ಮಾತ್ರ. ವಲಸಿಗರ ಕಾರ್ಯಕ್ರಮದಲ್ಲಿ ವಲಸೆ ಹೋದವರನ್ನೇ ಲೆಕ್ಕದಿಂದ ಬಿಟ್ಟರೆ ಹೇಗೆ? ಕ್ಷಯ ರೋಗಿಗಳಿಗೆ ‘ನಿಕ್ಷಯ್’ ಪೋರ್ಟಲ್ ಇದೆ, ರೋಗಿ ಊರು ಬದಲಿಸಿದರೆ ದಾಖಲೆಯನ್ನ ಅಲ್ಲಿನ ಆಸ್ಪತ್ರೆಗೆ ವರ್ಗಾಯಿಸಬಹುದು. ಗರ್ಭಿಣಿಯರ ಕೈಯಲ್ಲಿ ತಾಯಿ ಕಾರ್ಡ್ ಇರುತ್ತೆ. ವ್ಯವಸ್ಥೆ ಇದೆ. ಈ ಕಡೆಯಿಂದ ಹೋದವರನ್ನ ಆ ಕಡೆ ಯಾರಾದ್ರೂ ಬರಮಾಡಿಕೊಂಡ್ರಾ ಅನ್ನೋದನ್ನ ಎಣಿಸಬೇಕು.

ಮೂರು, ಈ ಕಾರ್ಯಕ್ರಮ ಇಲ್ಲದಿದ್ದರೆ ಏನಾಗ್ತಿತ್ತು? ಮಕ್ಕಳ ಭೇದಿ ಕಡಿಮೆ ಆಯ್ತು ಅಂತ ಸಂಸ್ಥೆ ಹೇಳಬಹುದು. ಆದರೆ ಅದೇ ತಿಂಗಳು ಬಿಲ್ಡರ್ ಹೊಸ ಬೋರ್‌ವೆಲ್ ಹಾಕಿಸಿದ್ದರೆ? ಎಲ್ಲ ಕಡೆ ಒಟ್ಟಿಗೆ ಶುರು ಮಾಡೋ ಬದಲು ಮೊದಲು ಕೆಲವು ಶೆಡ್‌ಗಳಲ್ಲಿ, ಆರು ತಿಂಗಳ ಮೇಲೆ ಉಳಿದವುಗಳಲ್ಲಿ ಶುರು ಮಾಡಿ. ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಕಾಣುತ್ತೆ. ಯಾರನ್ನೂ ಕೈಬಿಟ್ಟ ಹಾಗೂ ಆಗಲ್ಲ.

ಇದಕ್ಕೆ ದುಡ್ಡು ಎಲ್ಲಿದೆ ಅಂತೀರಾ? ಕಟ್ಟಡ ಕಾರ್ಮಿಕರ ಹೆಸರಲ್ಲೇ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸಂಗ್ರಹ ಆಗುತ್ತೆ, ಅದು ಶುರುವಾದದ್ದು 1996ರ ಕಾನೂನಿನಿಂದ. ಸಿಎಸ್ಆರ್ ನಿಯಮ 2021ರಲ್ಲಿ ತಿದ್ದುಪಡಿಯಾದ ಮೇಲೆ, ಸಿಎಸ್ಆರ್ ಹೊಣೆ ಸರಾಸರಿ 10 ಕೋಟಿ ರೂಪಾಯಿ ದಾಟಿದ ಕಂಪನಿಗಳು ಒಂದು ಕೋಟಿ ಮೀರಿದ ಯೋಜನೆಗಳ ಪರಿಣಾಮವನ್ನ ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕು. ಆದರೆ ಒಂದು ದಿನದ ಸಣ್ಣ ಶಿಬಿರಗಳು ಈ ನಿಯಮದೊಳಗೆ ಬರಲ್ಲ. ಅಲ್ಲಿ ಫೋಟೋನೇ ವರದಿ.

ಅವತ್ತು ನಾನು ಹತ್ತಿರದ ಸರ್ಕಾರಿ ಕ್ಲಿನಿಕ್ಕಿನ ದಾರಿ ಬರೆದುಕೊಟ್ಟು ಬಂದೆ. ಎರಡು ತಿಂಗಳ ಮೇಲೆ ಹೋದಾಗ ಶೆಡ್ ಇರಲಿಲ್ಲ. ಫೋನ್ ನಂಬರ್ ತಗೊಂಡಿರಲಿಲ್ಲ. ಆ ಪ್ಲಾಸ್ಟಿಕ್ ಚೀಲದಲ್ಲಿ ನನ್ನದು ನಾಲ್ಕನೇ ಚೀಟಿ ಆಯ್ತು, ಅಷ್ಟೇ.

ಅದಕ್ಕೇ ಈಗ ಶಿಬಿರದ ಪ್ರೆಸ್‌ನೋಟ್ ಬಂದರೆ ನಮ್ಮ ಡೆಸ್ಕ್‌ನವರಿಗೆ ಒಂದೇ ಮಾತು ಹೇಳ್ತೀನಿ: ಹೋದ ವರ್ಷದ ಶಿಬಿರದವರು ಈಗ ಹೇಗಿದ್ದಾರೆ ಅಂತ ಕೇಳಿ. ನಿಮ್ಮ ಬಡಾವಣೆಯಲ್ಲಿ ಶಾಮಿಯಾನ ಬಿದ್ದಾಗ ನೀವೂ ಅದನ್ನೇ ಕೇಳಿ.