ಅನುಭಾವವು ಜ್ಞಾನವಹುದೇ? ಜಮಖಂಡಿಯ ರಾನಡೆಯವರ ವಾದ

ರಬಕವಿ-ಬನಹಟ್ಟಿಯ ಪೇಟೆಯಲ್ಲಿ ಒಬ್ಬಾಕೆ ಸೀರೆಯ ಮೇಲಿನ ಮುದ್ರೆಯನ್ನು ಕಂಡು 'ಇದು ಕೈಮಗ್ಗದ್ದು' ಎಂದು ನಿಶ್ಚಯಿಸಿದಳೆಂದು ಭಾವಿಸೋಣ. ಆ ಮುದ್ರೆಯನ್ನು ವಿದ್ಯುತ್ ಮಗ್ಗದ ಸೀರೆಗಳ ಮೇಲೆ ಯಾರೋ ಮೋಸದಿಂದ ಒತ್ತಿದ್ದರು. ಆದರೆ ಆಕೆಯ ಕೈಗೆ ಬಂದುದು ಆ ರಾಶಿಯಲ್ಲಿ ಅಕಸ್ಮಾತ್ತಾಗಿ ಬೆರೆತ ನಿಜವಾದ ಕೈಮಗ್ಗದ ಸೀರೆ. ಆಕೆಯ ನಂಬಿಕೆ ಸತ್ಯ. ನಂಬಲು ಕಾರಣವೂ ಉಂಟು. ಆದರೂ ಆಕೆ 'ಬಲ್ಲಳು' ಎನ್ನಲು ನಮಗೆ ಮನಸ್ಸೊಪ್ಪದು.

ಸಕಾರಣವಾದ ಸತ್ಯ ನಂಬಿಕೆಯೇ ಜ್ಞಾನವೆಂಬ ಲಕ್ಷಣಕ್ಕೆ ಅಮೆರಿಕೆಯ ಎಡ್ಮಂಡ್ ಗೆಟಿಯರನು 1963ರಲ್ಲಿ, ಮೂರು ಪುಟಗಳಷ್ಟು ಚಿಕ್ಕ ಲೇಖನದಲ್ಲಿ, ಇಂತಹುದೇ ಬಗೆಯ ಆಕ್ಷೇಪವನ್ನು ತಂದನು. ನಮ್ಮಲ್ಲಿ ಇದು ಹೊಸತಲ್ಲ. 12ನೆಯ ಶತಮಾನದ ಶ್ರೀಹರ್ಷನು ಮುಚ್ಚಿದ ಮುಷ್ಟಿಯೊಳಗಿನ ಕವಡೆಗಳನ್ನು ಊಹೆಯಿಂದಲೇ 'ಐದು' ಎಂದು ಸರಿಯಾಗಿ ಹೇಳಿದವನ ದೃಷ್ಟಾಂತವನ್ನು ಕೊಟ್ಟು ನೈಯಾಯಿಕರ ಪ್ರಮಾಲಕ್ಷಣಗಳನ್ನು ಕೆಣಕಿದ್ದನು. ಕಾಕತಾಳೀಯವಾಗಿ ದೊರೆತ ಸತ್ಯವು ಜ್ಞಾನವಲ್ಲವೆಂದಾದರೆ, ಜ್ಞಾನಕ್ಕೆ ಬೇಕಾದ ಆ ಇನ್ನೊಂದು ಅಂಶ ಯಾವುದು?

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗುವುದು ಅನುಭಾವದ ವಿಷಯದಲ್ಲಿ. ಅದನ್ನು ಕೈಗೆತ್ತಿಕೊಂಡವರು ಈ ನೆಲದವರೇ ಆದ ರಾಮಚಂದ್ರ ದತ್ತಾತ್ರೇಯ ರಾನಡೆಯವರು. 1886ರಲ್ಲಿ ಜಮಖಂಡಿಯಲ್ಲಿ ಜನಿಸಿ, ಅಲ್ಲಿಯೇ ಶಾಲೆಯನ್ನು ಮುಗಿಸಿ, ಪುಣೆಯಲ್ಲಿ ಅಧ್ಯಾಪಕರಾಗಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನದ ಪ್ರಾಧ್ಯಾಪಕರಾದ ಅವರು ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯರೂ ಆಗಿದ್ದರು. ನಾಮಸಾಧನೆಯ ಸಾಧಕರೂ ಗ್ರೀಕ್ ತತ್ತ್ವಜ್ಞಾನದ ವಿದ್ಯಾರ್ಥಿಯೂ ಒಬ್ಬರಲ್ಲಿಯೇ ಇದ್ದುದರಿಂದ, ಈ ವಾದವು ಅವರಿಗೆ ಬರಿಯ ತರ್ಕವಿನೋದವಾಗಿರಲಿಲ್ಲ.

ಮಹಾರಾಷ್ಟ್ರದ ಅನುಭಾವವನ್ನು ಕುರಿತ ತಮ್ಮ 1933ರ ಗ್ರಂಥದಲ್ಲಿ ಅವರು ಅನುಭಾವವನ್ನು ದೇವರ ಅಪರೋಕ್ಷವಾದ, ನೇರವಾದ ಅರಿವೆಂದು ನಿರೂಪಿಸುತ್ತಾರೆ. ಈ ಅಂತರ್ಬೋಧೆಯು ಬುದ್ಧಿಗೆ ವೈರಿಯಲ್ಲ; ಬುದ್ಧಿ, ಭಾವ, ಸಂಕಲ್ಪ ಮೂರನ್ನೂ ಒಳಹೊಕ್ಕು ನಿಲ್ಲುವಂತಹುದು. ಅದು ಭ್ರಮೆಯಲ್ಲವೆಂಬುದಕ್ಕೆ ಅವರು ಮುಖ್ಯವಾಗಿ ನೆಚ್ಚುವುದು ಸಾರ್ವತ್ರಿಕತೆಯನ್ನು: ದೇಶಕಾಲಗಳಿಂದ ದೂರವಾದ ಸಂತರು ಒಂದೇ ಬಗೆಯ ಬೆಳಕು, ನಾದ, ರೂಪಗಳನ್ನು ಹೇಳುತ್ತಾರೆ.

ಈ ಕಡೆಯ ಮಾತನ್ನು ನಾವು ಇದ್ದಂತೆಯೇ ಒಪ್ಪಲಾರೆವು. ಕಾಮಾಲೆಯಾದವನಿಗೆ ಶಂಖವು ಹಳದಿಯಾಗಿ ಕಾಣುವುದೆಂಬುದು ಶಾಸ್ತ್ರಗಳ ಹಳೆಯ ಉದಾಹರಣೆ. ಊರಿಗೆ ಊರೇ ಕಾಮಾಲೆಗೊಳಗಾದರೆ ಶಂಖದ ಬಣ್ಣವು ಬದಲಾಗದು. ಸೂರ್ಯನು ಮೂಡಿ ಮುಳುಗುವುದನ್ನು ಲೋಕವೆಲ್ಲ ಕಾಣುತ್ತದೆ, ಆದರೂ ಸುತ್ತುವುದು ಭೂಮಿ. ಬಹುಜನರ ಸಮ್ಮತಿಯು ಒಂದು ಸಮಾನ ಕಾರಣವಿದೆಯೆಂಬುದನ್ನು ಸೂಚಿಸಬಲ್ಲದು; ಆ ಕಾರಣವು ಕಾಣುವ ಕಣ್ಣಿನಲ್ಲಿದೆಯೋ ಕಂಡ ವಸ್ತುವಿನಲ್ಲಿದೆಯೋ ಎಂಬುದನ್ನು ತೀರ್ಮಾನಿಸಲಾರದು.

ಇಲ್ಲಿ ಮಾಧ್ವರ ಸಾಕ್ಷಿವಿಚಾರವು ನೆರವಾಗುವಂತಿದೆ. ಅವರ ಮತದಲ್ಲಿ ಸುಖದುಃಖಗಳನ್ನು ಸಾಕ್ಷಿಯು ನೇರವಾಗಿ ಅರಿಯುತ್ತದೆ. ಆ ಅರಿವಿಗೆ ಬೇರೆ ಆಧಾರ ಬೇಡ. ಹೊರಗಿನ ವಸ್ತುವಿನ ವಿಷಯದಲ್ಲಿ ಸಂದೇಹವೆದ್ದಾಗ ಮಾತ್ರ ಪರೀಕ್ಷೆ ಬೇಕು. ಅಂತೆಯೇ 'ನನಗೆ ಬೆಳಕು ಕಂಡಿತು' ಎಂಬ ಸಂತನ ಮಾತನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ. 'ಆ ಬೆಳಕು ದೇವರದು' ಎಂಬುದು ಮತ್ತೊಂದು ವಾಕ್ಯ. ಅದು ಪರೀಕ್ಷೆಯನ್ನು ಬೇಡುತ್ತದೆ. ರಾನಡೆಯವರೂ ಅನುಭಾವಿಯ ಶೀಲವನ್ನು ಒರೆಗಲ್ಲಾಗಿ ಹಿಡಿದವರೇ. ಈ ಒರೆಗಲ್ಲು ಸಾರ್ವತ್ರಿಕತೆಗಿಂತ ಗಟ್ಟಿಯಾದುದೆಂದು ನಮಗೆ ತೋರುತ್ತದೆ, ಆದರೂ ಅದು ಅಳೆಯುವುದು ಮನುಷ್ಯನನ್ನು, ವಾಕ್ಯವನ್ನಲ್ಲ.

ರಾನಡೆಯವರು 1957ರಲ್ಲಿ ನಿಂಬಾಳದಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯದಲ್ಲಿ ದೇವರ ದಾರಿಯನ್ನು ಕುರಿತ ಅವರ ಗ್ರಂಥವು 1960ರಲ್ಲಿ ಹೊರಬಂದಿತು. ಅಲ್ಲಿ ಶರಣರ ಹಾಗೂ ದಾಸರ ಮಾತುಗಳು ಅನುಭವದ ಸಾಕ್ಷ್ಯಗಳಾಗಿ ನಿಲ್ಲುತ್ತವೆ. ಅವುಗಳಲ್ಲಿ ಕಂಡು ನುಡಿದುದೆಷ್ಟು, ಹಿಂದಿನವರಿಂದ ಕೇಳಿ ಕಲಿತ ನುಡಿಯೆಷ್ಟು ಎಂದು ಬಿಡಿಸುವ ಕೆಲಸವು ತತ್ತ್ವಶಾಸ್ತ್ರಜ್ಞನೊಬ್ಬನಿಂದಲೇ ಆಗತಕ್ಕುದಲ್ಲ. ಪಾಠಗಳ ಕಾಲವನ್ನು ನಿರ್ಣಯಿಸುವ ಕನ್ನಡ ವಿದ್ವಾಂಸನೂ ಅವನ ಜೊತೆಯಲ್ಲಿ ಕೂಡಬೇಕು.