ಬ್ರೇಕ್ ಬಿಟ್ಟರೂ ಚಕ್ರ ಬಿಗಿ, ಏಕೆ?

ಪ್ರಶ್ನೆ: ಪೆಡಲ್‌ನಿಂದ ಕಾಲು ತೆಗೆದರೂ ಕಾರಿನ ಮುಂದಿನ ಒಂದು ಚಕ್ರ ಹಿಡಿದುಕೊಂಡೇ ಇರುತ್ತದೆ, ಕಾದು ಸುಟ್ಟ ವಾಸನೆ ಬರುತ್ತದೆ. ಮನೆಯಲ್ಲೇ ಸರಿಮಾಡಬಹುದೇ?

ಉತ್ತರ: ದೋಷ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್‌ನಲ್ಲಿದ್ದರೆ ಮಾಡಬಹುದು. ಕ್ಯಾಲಿಪರ್‌ನ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಸ್ಪ್ರಿಂಗ್ ಇಲ್ಲ. ಬ್ರೇಕ್ ಒತ್ತಿದಾಗ ಅದರ ಸುತ್ತಲಿನ ರಬ್ಬರ್ ಸೀಲ್ ಕೊಂಚ ಬಾಗುತ್ತದೆ. ಒತ್ತಡ ಇಳಿದೊಡನೆ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ಸರಿಸುತ್ತದೆ. ಇಡೀ ಕ್ಯಾಲಿಪರ್ ಜಾರುವುದು ಸಾಮಾನ್ಯವಾಗಿ ಎರಡು ಪಿನ್‌ಗಳ ಮೇಲೆ. ಪಿಸ್ಟನ್ನಿಗೋ ಪಿನ್ನಿಗೋ ತುಕ್ಕು ಹಿಡಿದರೆ ಪ್ಯಾಡ್ ಡಿಸ್ಕನ್ನು ಬಿಡದು.

ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡೆ ಕೊಡಿ. ಬರೀ ಜಾಕ್ ನಂಬದೆ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿ. ಬಿಚ್ಚಿದ ಕ್ಯಾಲಿಪರನ್ನು ಹೋಸ್‌ನಿಂದ ನೇತಾಡಿಸದೆ ತಂತಿಯಿಂದ ಕಟ್ಟಿ. ಪಿನ್‌ಗಳನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಸಿಲಿಕೋನ್ ಬ್ರೇಕ್ ಗ್ರೀಸ್ ತೆಳುವಾಗಿ ಸವರಿ. ಸಾಮಾನ್ಯ ಗ್ರೀಸ್ ಬೇಡ, ರಬ್ಬರ್ ಉಬ್ಬಿಬಿಡುತ್ತದೆ. ಪಿನ್‌ನ ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಿ. ಜೋಡಿಸಿದ ಮೇಲೆ, ಕಾರು ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

ಪಿಸ್ಟನ್ನಿಗೇ ತುಕ್ಕು ಹಿಡಿದಿದ್ದರೆ, ಆಯಿಲ್ ಜಿನುಗುತ್ತಿದ್ದರೆ ಅಥವಾ ಹೋಸ್ ಕಟ್ಟಿಕೊಂಡಿದ್ದರೆ ಮೆಕ್ಯಾನಿಕ್ಕಿಗೇ ಬಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಒಳಗಿನಿಂದಲೂ ತುಕ್ಕು ತರುತ್ತದೆ. ಸುಮಾರು 2 ವರ್ಷಕ್ಕೊಮ್ಮೆ ಅದನ್ನು ಬದಲಿಸುವುದೇ ಒಳ್ಳೆಯ ಮುನ್ನೆಚ್ಚರಿಕೆ.